ಮೀನಿನ ಹೇನೂ ನೆರೆಯವನ ಹೊಣೆಯೂ

ನಾರ್ವೆ ದೇಶದ ಕಡಲತೀರದಲ್ಲಿ ಸಾಲ್ಮನ್ ಮೀನುಗಳನ್ನು ಬಲೆಯ ಪಂಜರಗಳಲ್ಲಿ ಸಾಕುತ್ತಾರೆ. ಈ ಸಾಕಣೆಯ ಬೆಳವಣಿಗೆಗೆ ಅಡ್ಡಬಂದಿರುವುದು ಒಂದು ಅಲ್ಪಜೀವಿ. ಅದು ಸಾಲ್ಮನ್ ಹೇನು.

ಹೆಸರಿನಲ್ಲಿ ಹೇನಾದರೂ ಇದು ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಪರೋಪಜೀವಿ. ಮೀನಿನ ಲೋಳೆ, ಚರ್ಮ, ರಕ್ತಗಳೇ ಇದರ ಆಹಾರ. ಹೆಣ್ಣು ಹೇನು ನೂರಾರು ಮೊಟ್ಟೆಗಳನ್ನು ಎರಡು ದಾರಗಳಂತೆ ಹೊತ್ತಿರುತ್ತದೆ. ಮೊಟ್ಟೆಯೊಡೆದು ಬಂದ ಮರಿ ಏನನ್ನೂ ತಿನ್ನದು. ಹುಟ್ಟಿನೊಡನೆ ತಂದ ಬುತ್ತಿಯನ್ನೇ ನಂಬಿ ನೀರಿನ ಸೆಳೆತದೊಡನೆ ತೇಲಿಹೋಗುತ್ತದೆ. ಬುತ್ತಿ ತೀರುವುದರೊಳಗೆ ಮೀನು ದೊರೆತರೆ ಉಳಿವು, ಇಲ್ಲವಾದರೆ ಸಾವು.

ಇಲ್ಲಿ ಜೀವಶಾಸ್ತ್ರಕ್ಕೆ ಭೌತಶಾಸ್ತ್ರವು ನೆರವಾಗುತ್ತದೆ. ನೀರಿನ ಉಷ್ಣತೆಯನ್ನು ದಿನಗಳ ಸಂಖ್ಯೆಯಿಂದ ಗುಣಿಸೋಣ. ಸ್ಥೂಲವಾಗಿ ಹೇಳುವುದಾದರೆ, ಗುಣಲಬ್ಧವು 40ನ್ನು ಮುಟ್ಟಿದಾಗ ಮರಿಗೆ ಮೀನನ್ನು ಹಿಡಿಯುವ ಶಕ್ತಿ ಬರುತ್ತದೆ. 150ನ್ನು ದಾಟಿದಾಗ ಆ ಶಕ್ತಿ ಉಡುಗುತ್ತದೆ. ಎಂದರೆ, 10 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ನಾಲ್ಕನೆಯ ದಿನದಿಂದ ಹದಿನೈದನೆಯ ದಿನದವರೆಗೆ ಅಪಾಯ. ಅಷ್ಟರಲ್ಲಿ ಮರಿಯು ಹತ್ತಾರು ಕಿಲೋಮೀಟರು ಸಾಗಿರಬಹುದು. ಆ ದೇಶದ ಸಮುದ್ರ ಸಂಶೋಧನ ಸಂಸ್ಥೆಯವರು ಕರಾವಳಿಯ ನೀರನ್ನು 800 ಮೀಟರು ಅಳತೆಯ ಚೌಕಗಳಾಗಿ ವಿಂಗಡಿಸಿ, ಗಾಳಿ, ಉಬ್ಬರವಿಳಿತ, ನದಿನೀರುಗಳಿಂದ ಪ್ರವಾಹಗಳನ್ನು ಗಣಿಸುತ್ತಾರೆ. ಸಾಕಣೆಗಾರರು ವಾರವಾರವೂ ಒಪ್ಪಿಸುವ ಹೇನುಗಳ ಎಣಿಕೆಯನ್ನು ಇದರೊಡನೆ ಕೂಡಿಸಿ, ಮರಿಗಳು ಎಲ್ಲಿಗೆ ಹೋಗಿ ಸೇರುವುವೆಂದು ಹೇಳುತ್ತಾರೆ.

ಮೀನೊಂದಕ್ಕೆ ಸರಾಸರಿ 0.5ಕ್ಕಿಂತ ಹೆಚ್ಚು ಬೆಳೆದ ಹೆಣ್ಣು ಹೇನುಗಳಿರಬಾರದೆಂಬುದು ಅಲ್ಲಿಯ ನಿಯಮ. ಎಳೆಯ ಕಾಡುಸಾಲ್ಮನ್‌ಗಳು ನದಿಯಿಂದ ಕಡಲಿಗಿಳಿಯುವ ವಸಂತದಲ್ಲಿ ಈ ಮಿತಿ 0.2. ಕೇಳುವುದಕ್ಕೆ ಬಿಗಿಯಾದ ನಿಯಮವೇ ಸರಿ. ಆದರೆ ಒಂದು ಲೋಟ ಕುದಿನೀರಿಗಿಂತ ಒಂದು ಹಂಡೆ ಬೆಚ್ಚನೆಯ ನೀರಿನಲ್ಲಿ ಉಷ್ಣ ಹೆಚ್ಚೆಂದು ನಾವು ತರಗತಿಯಲ್ಲಿ ಹೇಳುವುದುಂಟು. ಉಷ್ಣತೆ ಬೇರೆ, ಉಷ್ಣದ ಮೊತ್ತ ಬೇರೆ. ಹೇನಿನ ಲೆಕ್ಕವೂ ಹಾಗೆಯೇ. ಹತ್ತು ಲಕ್ಷ ಮೀನುಗಳಿರುವ ನೆಲೆಯಲ್ಲಿ ಸರಾಸರಿ 0.2 ಎಂದರೂ ಎರಡು ಲಕ್ಷ ತಾಯಿ ಹೇನುಗಳಾದುವು! ಆ ದಾರಿಯಾಗಿ ಹಾದುಹೋಗುವ ಎಳೆಮೀನನ್ನು ಕೊಲ್ಲುವುದು ಸರಾಸರಿಯಲ್ಲ, ಮೊತ್ತ.

ಇದನ್ನರಿತೇ 2017ರಲ್ಲಿ ನಾರ್ವೆ ಸರ್ಕಾರವು ಕರಾವಳಿಯನ್ನು 13 ವಲಯಗಳನ್ನಾಗಿ ಮಾಡಿ, ಕಾಡುಮೀನುಗಳಿಗೆ ಒದಗುವ ಅಪಾಯಕ್ಕನುಸಾರವಾಗಿ ರಸ್ತೆಯ ದೀಪಗಳಂತೆ ಬಣ್ಣಗಳನ್ನು ಗೊತ್ತುಮಾಡಿತು. ಹಸುರಾದರೆ ಸಾಕಣೆಯನ್ನು ಶೇಕಡ 6ರಷ್ಟು ಹೆಚ್ಚಿಸಬಹುದು. ಹಳದಿಯಾದರೆ ಇದ್ದಂತೆಯೇ ಇರಬೇಕು. ಕೆಂಪಾದರೆ ಶೇಕಡ 6 ಕಡಿತ. 2020ರಲ್ಲಿ ಎರಡು ವಲಯಗಳಿಗೆ ಕೆಂಪು ಬಣ್ಣ ಬಿತ್ತು. ಒಂದು ವಲಯದ ಸಾಕಣೆಗಾರರು ನ್ಯಾಯಾಲಯದ ಮೆಟ್ಟಿಲನ್ನೇರಿದರು. ತೀರ್ಪು ಸರ್ಕಾರದ ಪರವಾಯಿತು.

ಗಣಿತದ ಅಂದಾಜನ್ನು ನಂಬಿ ಜೀವನೋಪಾಯವನ್ನು ಕಡಿತಗೊಳಿಸುವುದು ನ್ಯಾಯವೆ? ಅಂದಾಜೊಂದನ್ನೇ ನಂಬಿದ್ದರೆ ಅಲ್ಲವೆನ್ನಬಹುದಾಗಿತ್ತು. ಆದರೆ ಬಲೆಗೆ ಬಿದ್ದ ಕಾಡುಮೀನುಗಳ ಮೈಮೇಲಿನ ಹೇನುಗಳನ್ನೂ ಎಣಿಸಿ ಅದನ್ನು ಒರೆಗೆ ಹಚ್ಚುತ್ತಾರೆ. ಕೊಂಚ ಸಂದೇಹ ಉಳಿದಿದೆಯೆಂದು ಕೈಕಟ್ಟಿ ಕೂಡಲಾಗದು. ಔಷಧಗಳಿಗೆ ಹೇನುಗಳು ಜಗ್ಗದಾಗಿವೆ. ಆದರೆ ಸಾಕಣೆಗಾರರ ಪರವಾಗಿಯೂ ಒಂದು ಮಾತುಂಟು. ವಲಯಕ್ಕೆಲ್ಲ ಒಂದೇ ಬಣ್ಣವಾದಾಗ, ಹೇನನ್ನು ಹತೋಟಿಯಲ್ಲಿಟ್ಟವನೂ ಅಲಕ್ಷ್ಯ ಮಾಡಿದವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುವ ಸಂಭವವಿದೆ.

ಆದುದರಿಂದ ಒಂದೊಂದು ನೆಲೆಯಿಂದಲೂ ಕಡಲಿಗೆ ಸೇರುವ ಮರಿಗಳ ಮೊತ್ತಕ್ಕೇ ಮಿತಿಯನ್ನಿಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. 2025ರಲ್ಲಿ ನಾರ್ವೆ ಸರ್ಕಾರವೂ ಇಂಥದೊಂದು ಸಲಹೆಯನ್ನು ಸಂಸತ್ತಿನ ಮುಂದಿಟ್ಟಿತು. ಇದಕ್ಕೆ ಬೇಕಾದ ಗಣಿತ ಸಿದ್ಧವಾಗಿದೆ. ಇನ್ನು ಬೇಕಾದುದು ಪ್ರಾಮಾಣಿಕವಾದ ಎಣಿಕೆ. ಪಂಜರದ ಬಳಿ ನಿಂತು ಹೇನನ್ನೆಣಿಸುವವನು ಒಂದನ್ನು ಬಿಟ್ಟು ಬರೆದರೆ, ಎಷ್ಟೇ ದೊಡ್ಡ ಗಣಕಯಂತ್ರವೂ ಅದನ್ನು ಕೂಡಿಸಿಕೊಳ್ಳಲಾರದು. ಅದರ ಫಲವನ್ನು ಉಣ್ಣುವವನು ಪ್ರವಾಹದ ಕೆಳಗಿನ ನೆರೆಯವನು.