ಸೋಮಾರಿಗಳು ಯಾರು?



ಕೆಲಸದ ಷರತ್ತಿಲ್ಲದೆ ದೇಶದ ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಹೊಟ್ಟೆಬಟ್ಟೆಗಾಗುವಷ್ಟು ಹಣ ಕೊಡಬೇಕು. ಇದಕ್ಕೆ ಸಾರ್ವತ್ರಿಕ ಮೂಲ ಆದಾಯವೆಂದು ಹೆಸರು. ಈ ಮಾತನ್ನು ನಾವು ಸಂಘದ ಸಭೆಯಲ್ಲಿ ಎತ್ತಿದಾಗ ಮೊದಲು ನಕ್ಕವರು ನಮ್ಮವರೇ. “ಪುಕ್ಕಟೆ ದುಡ್ಡು ಸಿಕ್ಕರೆ ನಾಳೆ ಎಲೆ ಕುಯ್ಯಲು ಯಾರು ಬರ್ತಾರೆ?” ಮೇಸ್ತ್ರಿಯ ಮಾತು ನಮ್ಮವರ ಬಾಯಿಗೆ ಹೇಗೆ ಬಂತೋ ಕಾಣೆವು!

ಸಂತ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯವನ್ನು ತೆಗೆದು ನೋಡಿ. ಸಂಜೆ ಐದಕ್ಕೆ ಬಂದವರಿಗೂ ತೋಟದ ಯಜಮಾನನು ಪೂರ್ತಿ ದಿನದ ಕೂಲಿ ಕೊಟ್ಟ. ಅಷ್ಟು ಹೊತ್ತಿನವರೆಗೂ ಯಾರೂ ಕರೆಯದೆ ನಿಂತಿದ್ದವರು ಯಾರಿರಬಹುದು? ಮುದುಕರು, ಸೊಂಟ ಬಿದ್ದವರು, ಕೈಗೂಸಿನ ತಾಯಂದಿರು ಎಂದೇ ನಮ್ಮ ಊಹೆ. ನಮ್ಮ ಲೈನುಮನೆಗಳಲ್ಲಿ ಅಂಥವರಿಲ್ಲವೇ? ಅವರ ಹೊಟ್ಟೆ ಅರ್ಧ ದಿನದ್ದೇ?

ಕೆಲಸಕ್ಕೆ ಬದಲಾಗಿ ಅಲ್ಲದೆ ಹಣ ಕೊಟ್ಟರೆ ಏನಾಗುತ್ತದೆಂದು ಮಧ್ಯಪ್ರದೇಶದಲ್ಲಿ ಪರೀಕ್ಷಿಸಿ ನೋಡಿದ್ದಾರೆ. 2011ರಲ್ಲಿ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘವು ಯುನಿಸೆಫ್ ನೆರವಿನಿಂದ 8 ಹಳ್ಳಿಗಳಲ್ಲಿ ದೊಡ್ಡವರಿಗೆ ತಿಂಗಳಿಗೆ 200 ರೂ., ಮಕ್ಕಳಿಗೆ 100 ರೂ. ಕೊಡಿಸಿತು, ಆಮೇಲೆ ಅದು 300, 150 ಆಯಿತು. ಜನ ಬೀಜ ಕೊಂಡರು, ಕುರಿಕೋಳಿ ಕೊಂಡರು, ಸಾಹುಕಾರನ ಸಾಲದಿಂದ ಬಿಡಿಸಿಕೊಂಡರು. ಕುಡಿತ ಹೆಚ್ಚಲಿಲ್ಲ. ಪೋಪ್ ಫ್ರಾನ್ಸಿಸರು ಕೂಡ 2020ರ ಪಾಸ್ಕ ಹಬ್ಬದಂದು ಜನ ಚಳವಳಿಗಳಿಗೆ ಬರೆದ ಪತ್ರದಲ್ಲಿ ಇಂಥ ಮೂಲ ವೇತನವನ್ನು ಯೋಚಿಸುವ ಕಾಲ ಬಂದಿರಬಹುದೆಂದರು.

ಹಣ ಎಲ್ಲಿಂದ ಬರಬೇಕು? ನಮ್ಮ ನೀಲಗಿರಿಯ ಪೈಕಾರಾ ನೀರಿನಿಂದ 1932ರಿಂದ ಕರೆಂಟು ಬಯಲಿಗೆ ಇಳಿಯುತ್ತಿದೆ. ಕೊಯಮತ್ತೂರಿನ ಗಿರಣಿಗಳು ಅದರಿಂದ ಬೆಳೆದವು. ಬೆಟ್ಟದ ನೀರು ಪಡೆದ ಗಿರಣಿಯನ್ನು ಯಾರೂ ಸೋಮಾರಿ ಎನ್ನಲಿಲ್ಲ! ಅಮೆರಿಕದ ಅಲಾಸ್ಕಾದಲ್ಲಿ ಎಣ್ಣೆಯ ಆದಾಯದ ಪಾಲು 1982ರಿಂದ ಅಲ್ಲಿನ ನಿವಾಸಿಗಳಿಗೆ ವರ್ಷಕ್ಕೊಮ್ಮೆ ಸಿಗುತ್ತಿದೆ. ಆದರೆ ನೆಲ ಅಗೆದು ಹಂಚುವುದು ನಮಗೆ ಬೇಡ. ನೀರು, ಮಣ್ಣು ಕೆಡಿಸುವವರ ಮೇಲೆ ತೆರಿಗೆ ಹಾಕಿ ಹಂಚಲಿ.

ಇಂದು ಎಲೆ ಹೆಚ್ಚಿದರೆ ಕೂಲಿ ಹೆಚ್ಚು. ಹಾಗಾಗಿ ಕಳೆನಾಶಕದ ಟ್ಯಾಂಕನ್ನು ಬೆನ್ನಿಗೆ ಕಟ್ಟಿದಾಗ ಬೇಡವೆನ್ನುವ ಧೈರ್ಯ ನಮಗಿಲ್ಲ. ಆ ವಿಷ ಇಳಿಯುವುದು ನಮ್ಮ ಮಕ್ಕಳು ಕುಡಿಯುವ ತೊರೆಗೇ. ಮನೆಯಲ್ಲಿ ಅಕ್ಕಿಗೆ ಆಧಾರವಿದ್ದರೆ ತಾನೇ ಬೇಡ ಎನ್ನಬಹುದು?

ಪಕ್ಕದ ವಯನಾಡಿನಲ್ಲಿ 2024ರ ಜುಲೈ 30ರಂದು ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ದುಡಿಮೆ ಕಳೆದುಕೊಂಡ ಮನೆಗಳಿಗೆ, ಇಬ್ಬರು ವಯಸ್ಕರಿಗೆ ದಿನಕ್ಕೆ ತಲಾ 300 ರೂಪಾಯಿಯಂತೆ ಕೊಡಲು ಕೇರಳ ಸರಕಾರ ಒಪ್ಪಿತು. ಆಗ ಯಾರೂ ಹಾಜರಿ ಪುಸ್ತಕ ಕೇಳಲಿಲ್ಲ. ಬೆಟ್ಟ ಕುಸಿಯುವ ತನಕ ಕಾಯಬೇಕೇ?

ಒಂದು ಎಚ್ಚರಿಕೆ. ತಿಂಗಳ ಹಣ ಕೊಡುತ್ತೇವೆ, ಲೈನುಮನೆ, ಆಸ್ಪತ್ರೆ, ಶಿಶುವಿಹಾರ ಬಿಟ್ಟುಕೊಡಿ ಎನ್ನುವವರು ನಾಳೆ ಬಂದೇ ಬರುತ್ತಾರೆ. 1951ರ ತೋಟ ಕಾರ್ಮಿಕರ ಕಾನೂನಿನಿಂದ ಬಂದ ಸೌಲಭ್ಯಗಳು ಅವು. ಅಂಥ ಕಾಗದ ತಂದರೆ ಯಾರೂ ಹೆಬ್ಬೆಟ್ಟು ಒತ್ತಬೇಡಿ. ಮೊದಲು ಸಂಘಕ್ಕೆ ತಂದು ಓದಿಸಿ.