ಬಕಧ್ಯಾನವೂ ಮಾರ್ಜಾಲ ವ್ರತವೂ

ಕಪಟಿಯನ್ನು ಹಳಿಯಬೇಕಾದಾಗ ನಮ್ಮ ಹಿರಿಯರು ಎರಡು ಜೀವಿಗಳನ್ನು ಸಾಕ್ಷಿಗೆ ಎಳೆತಂದರು. ಒಂದು ಬಕ, ಇನ್ನೊಂದು ಬೆಕ್ಕು. ಮನುಸ್ಮೃತಿಯು ಆಷಾಢಭೂತಿಗಳನ್ನು ಈ ಎರಡರ ಹೆಸರಿನಿಂದಲೇ ಕರೆಯಿತು. ಪಂಚತಂತ್ರದ ಕಥೆಗಳು ಅದೇ ಅಪವಾದವನ್ನು ಮಕ್ಕಳ ಕಿವಿಗೂ ಮುಟ್ಟಿಸಿದವು. ವಿಜ್ಞಾನದ ವಿದ್ಯಾರ್ಥಿಗಳು ಈ ಆರೋಪವನ್ನು ಪರೀಕ್ಷಿಸದೆ ಒಪ್ಪಬಾರದೆಂದು ನಮ್ಮ ಅಭಿಪ್ರಾಯ.

ಸಿದ್ಧೇಶ್ವರ ಜಾತ್ರೆಗೆ ವಿಜಯಪುರಕ್ಕೆ ಬಂದವರು ಸಂಕ್ರಾಂತಿಯ ಮುಂಜಾನೆ ಭೂತನಾಳ ಕೆರೆಗೋ, ಬಬಲೇಶ್ವರದ ಕಡೆಯ ಮಮದಾಪುರದ ಆದಿಲಶಾಹಿ ಕೆರೆಗೋ ಹೋಗಿ ನೋಡಲಿ. ತೆಳುನೀರಿನಲ್ಲಿ ಕೊರಳು ಮಡಿಸಿ ನಿಂತ ಬೂದುಬಕವು ಕಣ್ಣಿಗೆ ಬೀಳುವ ಸಂಭವವುಂಟು. ಅದು ಧ್ಯಾನವೂ ಅಲ್ಲ, ಕಪಟವೂ ಅಲ್ಲ, ಲೆಕ್ಕಾಚಾರ. ನೀರಿನಿಂದ ಹೊರಬರುವ ಬೆಳಕು ಬಾಗುವುದರಿಂದ ಮೀನು ತಾನಿರುವುದಕ್ಕಿಂತ ಮೇಲೆ ಇದ್ದಂತೆ ತೋರುತ್ತದೆ. ಬಕದ ಕುಲದ ಪಕ್ಷಿಗಳು ಈ ದೋಷವನ್ನು ತಿದ್ದಿಕೊಂಡು ಗುರಿಯಿಡುತ್ತವೆಂದು ಪ್ರಯೋಗಗಳು ತೋರಿಸಿವೆ. ಕೊರಳಿನ ಆರನೆಯ ಕಶೇರುಮಣಿಯ ವಿಶೇಷ ರಚನೆಯಿಂದ ಕೊರಳು ಬಾಗಿ ನಿಂತು, ಕ್ಷಣಮಾತ್ರದಲ್ಲಿ ಈಟಿಯಂತೆ ಚಿಮ್ಮುತ್ತದೆ.

ಅದೇ ಕೆರೆಯ ಜೊಂಡಿನ ಮರೆಯಲ್ಲಿ, ಜೋಳದ ಹೊಲದ ಬದುವಿನಲ್ಲಿ, ಕಾಡುಬೆಕ್ಕು ಸಂಜೆ ಹೊತ್ತಿಗೆ ಬೇಟೆಗೆ ಹೊರಡುತ್ತದೆ. ಬಕವು ಕಣ್ಣನ್ನು ನಂಬಿದರೆ ಇದು ಬಹುಮಟ್ಟಿಗೆ ಕಿವಿಯನ್ನು ನಂಬಿದೆ. ಹೆಸರಿಗೆ ಕಾಡಿನದಾದರೂ ದಟ್ಟಾರಣ್ಯ ಇದಕ್ಕೆ ಒಗ್ಗದು; ಹದಿನೆಂಟನೆಯ ಶತಮಾನದಲ್ಲಿ ಗ್ಯೂಲ್ಡೆನ್‌ಸ್ಟೆಟ್ ಎಂಬ ಪ್ರಾಣಿಶಾಸ್ತ್ರಜ್ಞನು ಇದನ್ನು ಮೊದಲು ವರ್ಣಿಸಿದ್ದು ಕಾಕಸಸ್ ಪ್ರಾಂತದ ಟೆರೆಕ್ ನದಿಯ ಬಳಿ. ಇದು ಈಜಬಲ್ಲದು, ಮೀನನ್ನೂ ಕಪ್ಪೆಯನ್ನೂ ಹಿಡಿಯಬಲ್ಲದು. ಬಕವೂ ಸಿಕ್ಕಿದರೆ ಇಲಿಯನ್ನು ಬಿಡುವುದಿಲ್ಲ!

ಸಾಮ್ಯ ಅಷ್ಟಕ್ಕೇ ನಿಲ್ಲದು. ಬಕದ ಮೊಣಕಾಲು ಹಿಂದಕ್ಕೆ ಬಾಗುತ್ತದೆಂದು ಹಲವರು ತಿಳಿದಿದ್ದಾರೆ. ಅದು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಮೇಲೆ, ಗರಿಗಳೊಳಗೆ ಅಡಗಿದೆ. ಬೆಕ್ಕಿನ ಹಿಂಗಾಲಿನಲ್ಲಿಯೂ ಹಿಮ್ಮಡಿಯು ನೆಲದಿಂದ ಮೇಲೆಯೇ ಉಂಟು. ಎರಡೂ ಬೆರಳುಗಳ ಮೇಲೆ ನಡೆಯುತ್ತವೆ. ಎರಡಕ್ಕೂ ಬಾಚಣಿಗೆಯುಂಟು: ಬೆಕ್ಕಿಗೆ ಮುಳ್ಳುಮುಳ್ಳಾದ ನಾಲಗೆ, ಬಕಕ್ಕೆ ನಡುಬೆರಳಿನ ಹಲ್ಲುಹಲ್ಲಾದ ಉಗುರು.

ಇಷ್ಟೆಲ್ಲ ಬರೆದುದು ಕುತೂಹಲಕ್ಕಾಗಿ ಮಾತ್ರವಲ್ಲ. ಎರಡಕ್ಕೂ ಬೇಕಾದುದು ಕೆರೆಯ ಅಂಚು. ಅದನ್ನೇ ನಾವು ಪಾಳು ಎನ್ನುತ್ತೇವೆ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಹೂಳೆತ್ತುವುದು ಬೇಡವೆಂದು ಯಾವ ವಿವೇಕಿಯೂ ಹೇಳಲಾರನು. ರೈತನ ಬದುಕು ಆ ನೀರಿನಲ್ಲಿದೆ. ಆದರೆ ಸುತ್ತಲೂ ಕಲ್ಲುಗೋಡೆ ಕಟ್ಟಿ, ಜೊಂಡನ್ನು ಸುಟ್ಟು, ದಂಡೆಯನ್ನು ಕಡಿದಾಗಿಸಿದರೆ ಬಕಕ್ಕೆ ಕಾಲೂರಲು ಎಡೆಯಿಲ್ಲ, ಬೆಕ್ಕಿಗೆ ಮರಿ ಬಚ್ಚಿಡಲು ಮರೆಯಿಲ್ಲ. ಹೊಲದಲ್ಲಿ ಇಲಿಗಳು ಉಳಿಯುತ್ತವೆ. ಅವಕ್ಕಿಟ್ಟ ವಿಷವು ಸತ್ತ ಇಲಿಯ ಮೂಲಕ ಬೆಕ್ಕಿನ ಹೊಟ್ಟೆಯನ್ನೂ ಸೇರಬಹುದು.

ಕಾಡುಬೆಕ್ಕು ಕೋಳಿ ಕದಿಯುತ್ತದೆಂಬ ದೂರು ಸುಳ್ಳಲ್ಲ. ಅದಕ್ಕೆ ಗೂಡನ್ನು ಭದ್ರಪಡಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಕೊಲ್ಲುವುದು ಅಪರಾಧ. ಹೂಳೆತ್ತುವ ನಕ್ಷೆ ಬರೆಯುವವರಾದರೂ ಗಾಳಿಯ ಹೊಡೆತ ಕಡಮೆಯಿರುವ ಒಂದು ಮಗ್ಗುಲನ್ನು ಇಳಿಜಾರಾಗಿಯೇ ಬಿಟ್ಟು, ಅಲ್ಲಿಯ ಜೊಂಡನ್ನೂ ಜಾಲಿಯನ್ನೂ ಮುಟ್ಟದಿರಲಿ.