ವಿಜ್ಞಾನ ವಿಚಾರ: ಅಲುಗುವ ತಲೆ, ನಡುಗುವ ಗೆರೆ

ಎರ್ನಾಕುಲದಿಂದ ತಿರುವನಂತಪುರಕ್ಕೆ ಹೋಗುವ ರೈಲಿನಲ್ಲಿ ಕುಳಿತು ಊರಿಗೊಂದು ಕಾಗದ ಬರೆದು ನೋಡಿ. ಅಕ್ಷರ ಸೊಟ್ಟಗಾದರೆ ಅದು ಕೈಯ ದೋಷವೋ ಗಾಡಿಯ ಕುಲುಕಾಟವೋ, ಓದುವವರಿಗೆ ತಿಳಿಯುವುದು ಹೇಗೆ? ಮಿದುಳಿನ ವಿದ್ಯುತ್ತನ್ನು ಗೆರೆಗಳಾಗಿ ಬರೆಯುವ ಇ.ಇ.ಜಿ. ಯಂತ್ರದ ಪಾಡೂ ಇದೇ.

ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿದವನು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ನೆತ್ತಿಯ ಮೇಲೆ ಸಿಕ್ಕುವ ಈ ವಿದ್ಯುತ್ತು ಸುಮಾರು 50 ಮೈಕ್ರೋವೋಲ್ಟು. ಅಂದರೆ ಟಾರ್ಚಿನ ಒಂದು ಸೆಲ್ಲಿನ ಬಲದಲ್ಲಿ 30,000ದ ಒಂದು ಪಾಲು. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ, ತಂತಿ ತೂಗಾಡಿದರೆ ಏಳುವ ಗದ್ದಲ ಇದನ್ನು ಮುಚ್ಚಿಬಿಡಬಲ್ಲದು. ಅಲುಗಾಟವನ್ನೇ ಮೂರ್ಛೆರೋಗದ ಗುರುತೆಂದು ಓದಿದರೆ ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಾದೀತು. ಆದುದರಿಂದಲೇ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಕೊಚ್ಚಿಯ ಅಮೃತಾ ಆಸ್ಪತ್ರೆಯಂತಹ ಕಡೆಗಳಲ್ಲಿ ಗೆರೆಯ ಜೊತೆಗೆ ವಿಡಿಯೋ ಚಿತ್ರವನ್ನೂ ತೆಗೆಯುತ್ತಾರೆ. ಗೆರೆ ಜಿಗಿದ ಕ್ಷಣದಲ್ಲಿ ಮಗು ತಲೆ ತುರಿಸಿಕೊಂಡಿತೇ ಎಂಬುದು ಅದರಿಂದ ತಿಳಿಯುತ್ತದೆ.

ಈಗ ಇದಕ್ಕಿಂತ ಕಠಿಣವಾದ ಕೆಲಸವೊಂದು ಬಂದಿದೆ. ವರ್ಚುವಲ್ ರಿಯಾಲಿಟಿಯ ಕನ್ನಡಕ ತೊಟ್ಟವನಿಗೆ ಕೋಣೆಯೊಳಗೇ ವಾಹನ ತುಂಬಿದ ರಸ್ತೆ ಕಾಣುತ್ತದೆ. ಅದನ್ನು ದಾಟುವಾಗ ಮಿದುಳು ಏನು ಮಾಡುತ್ತದೆಂದು ಅಪಾಯವಿಲ್ಲದೆ ಅರಿಯಬಹುದು. ಆದರೆ ಅವನು ತಲೆ ತಿರುಗಿಸುತ್ತಾನೆ, ನಡೆಯುತ್ತಾನೆ. ಕನ್ನಡಕದ ಪಟ್ಟಿ ಇ.ಇ.ಜಿ.ಯ ಬಿಲ್ಲೆಗಳನ್ನು ಒತ್ತುತ್ತದೆ.

ಉಪಾಯಗಳಿಲ್ಲದಿಲ್ಲ. ಮೊದಲನೆಯದು, ಗದ್ದಲವನ್ನು ಒಳಗೆ ಬಿಡದಿರುವುದು: ಟೋಪಿ ಬಿಗಿಯಾಗಿರಬೇಕು, ತಂತಿ ಗಿಡ್ಡವಾಗಿರಬೇಕು, ಪಟ್ಟಿ ಬಿಲ್ಲೆಗಳ ಮೇಲೆ ಬೀಳಬಾರದು. ಎರಡನೆಯದು, ಗದ್ದಲವನ್ನೇ ಬೇರೆಯಾಗಿ ಬರೆದುಕೊಳ್ಳುವುದು. ರೈಲಿನಲ್ಲಿ ಇನ್ನೊಂದು ಲೇಖನಿಯನ್ನು ಸುಮ್ಮನೆ ಕಾಗದಕ್ಕೆ ತಾಗಿಸಿ ಹಿಡಿದರೆ ಅದು ಕುಲುಕಾಟವನ್ನಷ್ಟೇ ಬರೆಯುವುದಲ್ಲವೆ? ಹಾಗೆಯೇ, ನೆತ್ತಿಗೆ ತಾಗದ ಎರಡನೆಯ ಸಾಲಿನ ಬಿಲ್ಲೆಗಳನ್ನಿಟ್ಟು, ಅವು ಬರೆದುದನ್ನು ಮೊದಲಿನದರಿಂದ ಕಳೆಯುವ ಕ್ರಮವನ್ನು ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಮೂರನೆಯದು ಗಣಿತ: ಭಜನೆಯಲ್ಲಿ ತಾಳವನ್ನೂ ಕಂಠವನ್ನೂ ಕಿವಿ ಬೇರ್ಪಡಿಸುವಂತೆ, ಕಂಪ್ಯೂಟರು ಕಣ್ಣಿನ, ಸ್ನಾಯುವಿನ, ಮಿದುಳಿನ ಅಲೆಗಳನ್ನು ಬೇರ್ಪಡಿಸುತ್ತದೆ.

ಆದರೆ ಜೊಳ್ಳು ತೂರುವ ಭರದಲ್ಲಿ ಕಾಳೂ ಹಾರಿಹೋಗಬಹುದು. ಗೆರೆ ನಯವಾದ ಮಾತ್ರಕ್ಕೆ ಸತ್ಯವಾಗದು. ಏನನ್ನು ತೆಗೆದೆವು, ಏಕೆ ತೆಗೆದೆವು ಎಂಬ ಲೆಕ್ಕವನ್ನು ಇಟ್ಟವನೇ ನಂಬತಕ್ಕವನು.

ನಮ್ಮ ಮನೆಗಳಿಗೂ ಇದರಲ್ಲಿ ಪಾಠವಿದೆ. ಮನೆಯವರನ್ನು ಇ.ಇ.ಜಿ.ಗೆ ಕರೆದೊಯ್ಯುವಾಗ ತಲೆಗೆ ಎಣ್ಣೆ ಹಚ್ಚದೆ, ಕೂದಲು ತೊಳೆದು ಒಣಗಿಸಿರಿ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿರಿ. ನಡುವೆ ಕೆಮ್ಮಿದರೆ, ಅಲುಗಿದರೆ ಸಂಕೋಚವಿಲ್ಲದೆ ತಿಳಿಸಿರಿ. ಆ ಒಂದು ಮಾತು ಯಾವ ಗಣಿತಕ್ಕೂ ಕಡಿಮೆಯಲ್ಲ.